ಗಾದಿ ಹೊಲಿಯುವ ಕೈಯಲ್ಲಿ ಶಾಸನದ ಅಚ್ಚು

ಅಗರಖೇಡದ ಆಚೆಗಿನ ಹೊಲಗಳ ಮೇಲೆ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಬದುವಿನಲ್ಲಿ ಒಂದು ಪಕ್ಕಕ್ಕೆ ವಾಲಿ ನಿಂತ ಎದೆಯೆತ್ತರದ ಕಲ್ಲಿನ ಮುಂದೆ ಬಂದಗಿಸಾಬ ನದಾಫ ಗೋಣಿಚೀಲ ಹಾಸಿಕೊಂಡು ಮೊಣಕಾಲೂರಿ ಕೂತಿದ್ದಾರೆ. ಪಕ್ಕದಲ್ಲಿ ನೀರಿನ ಬಕೀಟು, ಗಡುಸು ಕೂದಲಿನ ಬ್ರಶ್ಶು, ಮಸಿ ಕಲಸಿದ ತಾಟು. ಕಲ್ಲಿನ ಮೇಲಿದ್ದ ಹಾವಸೆಯನ್ನೂ ದನಗಳು ಮೈ ತಿಕ್ಕಿ ಅಂಟಿಸಿದ್ದ ಮಣ್ಣನ್ನೂ ನಿನ್ನೆ ಸಂಜೆಯೇ ಬಂದು ತೊಳೆದು ಹೋಗಿದ್ದರು. ಈಗ ಮತ್ತೊಮ್ಮೆ ನೀರು ಚಿಮುಕಿಸಿ, ನೆನೆಸಿದ ದೊಡ್ಡ ಬಿಳಿ ಕಾಗದವನ್ನು ಎರಡೂ ಕೈಯಿಂದ ಎತ್ತಿ, ಎಳೆಗೂಸಿಗೆ ಬಟ್ಟೆ ಹೊದಿಸುವಷ್ಟು ನಿಧಾನವಾಗಿ ಕಲ್ಲಿಗೆ ಹೊದಿಸುತ್ತಾರೆ.

ಆಮೇಲೆ ಬಡಿತ ಶುರುವಾಗುತ್ತದೆ. ಬ್ರಶ್ಶಿನಿಂದ ಮೇಲಿಂದ ಕೆಳಗೆ, ಎಡದಿಂದ ಬಲಕ್ಕೆ, ಒಂದೇ ಹದದಲ್ಲಿ ಪಟಪಟ ಬಡಿಯುತ್ತ ಹೋದಂತೆ ಒದ್ದೆ ಕಾಗದ ಕಲ್ಲಿನ ಗೀರುಗಳೊಳಗೆ ಇಳಿಯುತ್ತದೆ. ಏಟು ಜೋರಾದರೆ ಕಾಗದ ಹರಿಯುತ್ತದೆ, ಸಣ್ಣದಾದರೆ ಅಕ್ಷರ ಮೂಡುವುದಿಲ್ಲ. ಬಂದಗಿಸಾಬರು ಕಣ್ಣಿಗಿಂತ ಹೆಚ್ಚಾಗಿ ಕಿವಿಯಿಂದ ಕೆಲಸ ಮಾಡುತ್ತಾರೆ. ಕಾಗದದ ಅಡಿಯಲ್ಲಿ ಗಾಳಿ ಉಳಿದಿದ್ದರೆ ಸಪ್ಪಳ ಬೇರೆಯಾಗುತ್ತದೆಯಂತೆ. ಅಲ್ಲಿ ಕೈ ನಿಲ್ಲಿಸಿ ಹೆಬ್ಬೆರಳಿನಿಂದ ಒತ್ತಿ ಮತ್ತೆ ಮುಂದುವರಿಯುತ್ತಾರೆ.

“ಬಿಸಲ ಏರಿತಂದ್ರ ಕಾಗದ ಒಣಗಿ ಸಿಡೀತೈತ್ರಿ. ಗಾಳಿ ಬಿಟ್ರ ಎದ್ದ ಹೋಗತೈತಿ. ಅದಕ್ಕ ಈ ಹೊತ್ತಿಗೇ ಬರಬೇಕು” ಎನ್ನುತ್ತಾರೆ, ಕೈ ನಿಲ್ಲಿಸದೆ.

ಕಾಗದ ಅರೆಬರೆ ಒಣಗಿದ ಮೇಲೆ ಬಟ್ಟೆಯಲ್ಲಿ ಬಿಗಿದು ಕಟ್ಟಿದ ಹತ್ತಿಯ ಉಂಡೆಯೊಂದನ್ನು ಮಸಿಯಲ್ಲಿ ಅದ್ದಿ, ತಾಟಿನ ಅಂಚಿಗೆ ಒತ್ತಿ ಹೆಚ್ಚಿನದನ್ನು ತೆಗೆದು, ಕಾಗದದ ಮೇಲೆ ಮೆಲ್ಲಗೆ ತಟ್ಟುತ್ತಾರೆ. ತಗ್ಗಿನಲ್ಲಿರುವ ಅಕ್ಷರಗಳಿಗೆ ಮಸಿ ತಾಗುವುದಿಲ್ಲ. ಸುತ್ತಲೂ ಕಪ್ಪಾಗುತ್ತ ಬಂದ ಹಾಗೆ ನಡುವೆ ಬಿಳಿಯ ಸಾಲುಗಳು ಒಂದೊಂದಾಗಿ ಏಳುತ್ತವೆ. ಬದುವಿನ ಮೇಲೆ ಕೂತಿದ್ದ ಮುಕ್ತಾ ಗಲಗಲಿಯವರು ಕನ್ನಡಕ ಏರಿಸಿಕೊಂಡು ಎದ್ದು ಬರುತ್ತಾರೆ. ಸಿಂದಗಿಯ ಕಾಲೇಜಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದ ಅವರಿಗೆ ಹಳಗನ್ನಡದ ಲಿಪಿ ಓದಲು ಬರುತ್ತದೆ. ಬಂದಗಿಸಾಬರಿಗೆ ಬರುವುದಿಲ್ಲ. ಅಚ್ಚು ತೆಗೆಯುವುದು ಒಬ್ಬರು, ಓದುವುದು ಇನ್ನೊಬ್ಬರು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳ ಹೊಲ, ಕೆರೆಯಂಗಳ, ಹಾಳುಗುಡಿಗಳಲ್ಲಿ ಬಿದ್ದಿರುವ ಶಾಸನಗಳನ್ನು ಕಾಗದಕ್ಕೆ ಇಳಿಸುವ ಕೆಲಸ ಇಷ್ಟು ವರ್ಷವೂ ಹೀಗೆ ಇಬ್ಬರ ಪಾಲುಗಾರಿಕೆಯಲ್ಲೇ ನಡೆದು ಬಂದಿದೆ. ಇದಕ್ಕೆ ಸಂಬಳವಿಲ್ಲ, ಕಚೇರಿಯಿಲ್ಲ, ಇಂಥದೊಂದು ಕೆಲಸ ನಡೆಯುತ್ತಿದೆ ಎಂಬುದು ಇಂಡಿ ಪೇಟೆಯಲ್ಲೇ ಬಹಳ ಜನಕ್ಕೆ ಗೊತ್ತಿಲ್ಲ.

ಪೇಟೆಯವರ ಪಾಲಿಗೆ ಬಂದಗಿಸಾಬ ಎಂದರೆ ಗಾದಿ ಹೊಲಿಯುವವರು. ಅಪ್ಪ, ಅಜ್ಜ ಎಲ್ಲರೂ ಹತ್ತಿ ಹಿಂಜುವ ಕಸುಬಿನವರೇ. ಹೆಗಲ ಮೇಲೆ ಬಿಲ್ಲಿನಂಥ ಕಮಾನು ಹೊತ್ತು ಊರೂರು ತಿರುಗಿ, ಮನೆಯ ಪಡಸಾಲೆಯಲ್ಲೇ ಕೂತು ಹಳೆಯ ಹತ್ತಿಯನ್ನು ಹಿಂಜಿ ಹೊಸ ಗಾದಿ ಮಾಡಿಕೊಡುತ್ತಿದ್ದರು. ಬಂದಗಿಸಾಬರು ಅಂಗಡಿ ಹಿಡಿದು ಕೂರುವ ಹೊತ್ತಿಗೆ ಹಿಂಜಲು ಮಶೀನು ಬಂತು. ಆಮೇಲೆ ಸ್ಪಂಜಿನ ಗಾದಿ ಬಂತು. ಈಗ ಮದುವೆಯ ಹಂಗಾಮಿನಲ್ಲಿ ಮಾತ್ರ ಕೈತುಂಬ ಕೆಲಸ. ಉಳಿದ ದಿನಗಳಲ್ಲಿ ತಲೆದಿಂಬು, ಹಳೆಯ ಗಾದಿಯ ರಿಪೇರಿ.

ಆ ಅಂಗಡಿಗೆ ಇಪ್ಪತ್ತೈದು ವರ್ಷಗಳ ಹಿಂದೆ ಬಸವನ ಬಾಗೇವಾಡಿಯಿಂದ ಒಬ್ಬ ಗಿರಾಕಿ ಬಂದರು. ಹೆಸರು ಹೃಷೀಕೇಶ ಗಲಗಲಿ, ಮುಕ್ತಾ ಅವರ ತಂದೆ. ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ನಿವೃತ್ತರಾಗಿ, ಪಿಂಚಣಿಯ ಹಣದಲ್ಲೇ ಸ್ಕೂಟರ್ ಹತ್ತಿ ಶಾಸನಗಳನ್ನು ಹುಡುಕಿ ತಿರುಗುತ್ತಿದ್ದವರು. ಅವರಿಗೆ ಬೇಕಾಗಿದ್ದದ್ದು ಗಾದಿಯಲ್ಲ, ಮುಷ್ಟಿಯಷ್ಟು ದೊಡ್ಡ ಹತ್ತಿಯ ಉಂಡೆ. ಮಾಡಿಕೊಟ್ಟದ್ದು ಮೆತ್ತಗಾಯಿತೆಂದು ಮತ್ತೆ ಬಂದರು. ಎರಡನೆಯದು ಗಟ್ಟಿಯಾಯಿತೆಂದು ಹಿಂದಕ್ಕೆ ತಂದರು. ಏನು ಕೆಲಸಕ್ಕೆ ಎಂಬುದನ್ನು ಕಣ್ಣಾರೆ ನೋಡದೆ ಹದ ಸಿಗುವುದಿಲ್ಲ ಎಂದು ಬಂದಗಿಸಾಬರು ಹೇಳಿದಾಗ, ಹಾಗಾದರೆ ಗಾಡಿ ಹತ್ತು ಎಂದು ಮಾಸ್ತರರು ಅವರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಸಿಂದಗಿ ಕಡೆಗೆ ಹೊರಟೇಬಿಟ್ಟರು.

ಅಲ್ಲಿ ಒಂದು ಕೆರೆಯ ಕೋಡಿಯ ಹತ್ತಿರ ಮಾಸ್ತರರು ಕಾಗದ ಬಡಿಯುವುದನ್ನು ನೋಡುತ್ತ ನಿಂತವರಿಗೆ, ಅವರ ತೋಳು ಸೋತದ್ದು ಕಂಡಿತು. ಸ್ವಲ್ಪ ಹೊತ್ತು ನೀನು ಬಡಿ ಎಂದು ಮಾಸ್ತರರೇ ಬ್ರಶ್ಶು ಕೊಟ್ಟರು. “ಹತ್ತಿ ಹಿಂಜೂ ಕೈಯಲ್ರಿ ಇದು. ಸಣ್ಣಾಂವ ಇದ್ದಾಗಿಂದ ಬಡದ ಬಡದ ರೂಢಿ. ಮಾಸ್ತರ ನೋಡಿದ್ರು, ನಕ್ರು. ಮುಂದಿನ ವಾರ ಮತ್ತ ಅಂಗಡಿಗಿ ಬಂದ್ರು. ಹಂಗ ಸುರು ಆತು” ಎಂದು ಬಂದಗಿಸಾಬರು ಆ ದಿನವನ್ನು ನೆನೆಯುತ್ತಾರೆ. ಮಾಸ್ತರರು ತೀರಿಕೊಂಡು ಹನ್ನೊಂದು ವರ್ಷವಾಯಿತು. ಕೆಲಸ ಅಲ್ಲಿಗೆ ನಿಲ್ಲಬಹುದಿತ್ತು. ಹದಿನಾಲ್ಕನೆಯ ದಿನದ ಊಟಕ್ಕೆ ಬಂದಿದ್ದ ಬಂದಗಿಸಾಬರನ್ನು ಮುಕ್ತಾ ಅವರು ಕರೆದು, ಅಪ್ಪ ಓದದೆ ಬಿಟ್ಟ ಕಾಗದಗಳು ಇನ್ನೂ ಇವೆಯೇ ಎಂದು ಕೇಳಿದರು. ಇವೆ ಎಂದರು ಇವರು. ಹಾಗಾದರೆ ಓದೋಣ ಎಂದರು ಅವರು.

ಆ ಕಾಗದಗಳು ಇರುವ ಜಾಗವನ್ನು ನೋಡಲು ಇಂಡಿಯ ಬಂದಗಿಸಾಬರ ಮನೆಗೇ ಹೋಗಬೇಕು. ಎರಡು ಕೋಣೆಯ ತಗಡಿನ ಮನೆ. ಮೇಲೆ ನೋಡಿದರೆ ಜಂತಿಯ ಉದ್ದಕ್ಕೂ ಸಾಲಾಗಿ ಪ್ಲಾಸ್ಟಿಕ್ ಪೈಪುಗಳು ತೂಗುಬಿದ್ದಿವೆ. ಲಿಂಬೆ ತೋಟದವರು ಬೋರ್‌ವೆಲ್ಲಿನ ಹಳೆಯ ಪೈಪು ಬಿಸಾಡುವಾಗ ಬಂದಗಿಸಾಬರು ಕೇಳಿ ತರುತ್ತಾರೆ, ಅಳತೆಗೆ ಕೊಯ್ದು ಒಳಗೆ ಕಾಗದ ಸುರುಳಿ ಸುತ್ತಿ ಇಡುತ್ತಾರೆ. ಎರಡೂ ಬಾಯಿಗೆ ಹತ್ತಿ ತುರುಕಿ, ಬೇವಿನ ಎಲೆ ಇಟ್ಟು ಬಟ್ಟೆ ಕಟ್ಟುತ್ತಾರೆ. ಪೈಪಿನ ಮೇಲೆ ಊರಿನ ಹೆಸರು. ಇಲಿ ಬರುವುದಿಲ್ಲ, ನೀರು ಸೋರಿದರೂ ಒಳಗೆ ಇಳಿಯುವುದಿಲ್ಲ. ಇನ್ನೂರಕ್ಕೂ ಹೆಚ್ಚು ಶಾಸನ ಹೀಗೆ ತಲೆಯ ಮೇಲೆ ತೂಗುತ್ತಿವೆ. ಅವುಗಳಲ್ಲಿ ಹಲವು ಕಲ್ಲುಗಳು ಈಗ ಇದ್ದ ಜಾಗದಲ್ಲಿಲ್ಲ. ಕೆಲವು ರಸ್ತೆಯ ಬುನಾದಿ ಸೇರಿವೆ, ಕೆಲವು ಒಡೆದು ಮನೆಯ ಪಾಯಕ್ಕೆ ಹೋಗಿವೆ, ಒಂದೆರಡರ ಮೇಲೆ ಜೀರ್ಣೋದ್ಧಾರದ ಗ್ರಾನೈಟ್ ಕೂತಿದೆ. ಪೈಪಿನೊಳಗಿನ ಕಾಗದವಷ್ಟೇ ಉಳಿದಿದೆ.

“ಮಂದಿ ಮನ್ಯಾಗ ಜಂತಿಗಿ ತೊಟ್ಲಾ ಕಟ್ತಾರ, ನಮ್ಮನ್ಯಾಗ ಪೈಪ” ಎನ್ನುತ್ತಾರೆ ಹೆಂಡತಿ ಇಮಾಮಬಿ. ಮಸಿ ಕಲಸುವುದು ಅವರ ಪಾಲಿನ ಕೆಲಸ. ಜಾಲಿಯ ಅಂಟನ್ನು ರಾತ್ರಿಯೇ ನೆನೆಹಾಕಿ, ಕಪ್ಪು ಪುಡಿ ಬೆರೆಸಿ, ಸೀರೆಯ ಸೆರಗಿನಷ್ಟು ತೆಳುವಾದ ಬಟ್ಟೆಯಲ್ಲಿ ಸೋಸಿ ಡಬ್ಬಿಗೆ ತುಂಬುತ್ತಾರೆ. ಒಳ್ಳೆಯ ಕಾಗದ ದುಬಾರಿ. ವಿಜಯಪುರದ ಛಾಪಖಾನೆಯೊಂದರಲ್ಲಿ ಉಳಿದ ದೊಡ್ಡ ಹಾಳೆಗಳನ್ನು ಎತ್ತಿಟ್ಟು ಕೊಡುತ್ತಾರೆ. ಅವು ಸಿಗದ ತಿಂಗಳು ಕಲ್ಲೂ ಕಾಯುತ್ತದೆ.

ಬಡತನಕ್ಕಿಂತ ಹೆಚ್ಚು ಕಾಡಿದ್ದು ಜನರ ಅನುಮಾನ. ಬೆಳಕು ಹರಿಯುವ ಮೊದಲೇ ಹೊಲಕ್ಕೆ ಬಂದು ಕಲ್ಲು ತೊಳೆದು ಕಾಗದ ಅಂಟಿಸುವ ಮನುಷ್ಯನನ್ನು ನೋಡಿದವರಿಗೆ ಮೊದಲು ನೆನಪಾಗುವುದು ನಿಧಿ. ಶಾಸನವೆಂದರೆ ಬಂಗಾರ ಹೂತಿಟ್ಟ ಜಾಗದ ಗುರುತು ಎಂಬ ನಂಬಿಕೆ ಈ ಭಾಗದಲ್ಲಿ ಇನ್ನೂ ಗಟ್ಟಿಯಾಗಿದೆ. ಒಮ್ಮೆ ಒಂದು ಊರಿನವರು ಅವರನ್ನು ಕಟ್ಟೆಯ ಮೇಲೆ ಕೂರಿಸಿ, ಮುಕ್ತಾ ಅವರು ಬಂದು ಹೇಳುವ ತನಕ ಬಿಡಲಿಲ್ಲ. ಇನ್ನು ಕೆಲವು ಗುಡಿಗಳಲ್ಲಿ ಗರ್ಭಗುಡಿಯ ಹತ್ತಿರದ ಕಲ್ಲಿಗೆ ಅವರು ಕೈ ಹಚ್ಚುವಂತಿರಲಿಲ್ಲ. ಅಂಥಲ್ಲಿ ಹೊರಗೆ ನಿಂತು ಹೇಳಿಕೊಡುತ್ತಿದ್ದರು, ಒಳಗೆ ಪೂಜಾರಿ ಬಡಿಯುತ್ತಿದ್ದ. “ಒಬ್ಬ ಪೂಜಾರಿ ಭಾಳ ಚಂದ ಕಲತಿದ್ದ್ರಿ” ಎಂದಷ್ಟೇ ಹೇಳಿ ಆ ಮಾತನ್ನು ಬಂದಗಿಸಾಬರು ಮುಗಿಸುತ್ತಾರೆ.

ಆದರೆ ನಿಧಿಯ ಮಾತು ಅಷ್ಟು ಸುಲಭವಾಗಿ ಮುಗಿಯಲಿಲ್ಲ. ಮೂರು ವರ್ಷಗಳ ಹಿಂದೆ, ದಸರಾ ಕಳೆದ ಮೇಲೆ, ಸಿಂದಗಿ ತಾಲೂಕಿನ ಒಂದು ಹಳ್ಳಿಯಲ್ಲಿ ರೇಣವ್ವ ಎಂಬ ರೈತ ಹೆಣ್ಣುಮಗಳ ಹೊಲದ ಬಾವಿಯ ಹತ್ತಿರ ಒಂದು ಶಾಸನವಿರುವುದು ತಿಳಿಯಿತು. ಗಂಡ ತೀರಿದ ಮೇಲೆ ಹೊಲವನ್ನು ತಾನೇ ನಿಂತು ಮಾಡಿಸುವ ರೇಣವ್ವನಿಗೆ ಆ ಕಲ್ಲು ಕೊಡ ಇಳಿಸಲು, ಬುತ್ತಿಗಂಟು ಇಡಲು, ಬೆನ್ನು ಒರಗಿಸಲು ಇದ್ದ ಜಾಗ. ಅಚ್ಚು ತೆಗೆಯಲು ಬಂದವರಿಗೆ ಆಕೆ ಬೇಡ ಎನ್ನಲಿಲ್ಲ. ಕೆಲಸ ಮುಗಿದ ಮೇಲೆ ಚಹಾ ಮಾಡಿ ಕೊಟ್ಟಳು. ಕಾಗದ ಬಹಳ ಚೆನ್ನಾಗಿ ಬಂದಿತ್ತು, ಒಂದು ಅಕ್ಷರವೂ ಕಳೆದಿರಲಿಲ್ಲ. ಬಂದಗಿಸಾಬರು ಸುರುಳಿ ಸುತ್ತಿ ಹೆಗಲಿಗೆ ಹಾಕಿಕೊಂಡು ಊರ ನಡುವಿನಿಂದಲೇ ಬಸ್‌ ಸ್ಟ್ಯಾಂಡಿಗೆ ನಡೆದು ಹೋದರು. ಜನ ನೋಡಿದರು.

ಮುಂದಿನ ಅಮಾವಾಸ್ಯೆ ಕಳೆದ ಬೆಳಿಗ್ಗೆ ರೇಣವ್ವನಿಂದ ಫೋನು ಬಂತು. ಬಂದಗಿಸಾಬರು ಹೋಗಿ ನೋಡಿದಾಗ ಕಲ್ಲಿದ್ದ ಜಾಗದಲ್ಲಿ ಆಳುದ್ದದ ಗುಂಡಿ. ಸುತ್ತ ಕುಂಕುಮ, ಒಡೆದ ತೆಂಗಿನಕಾಯಿ, ನಿಂಬೆಹಣ್ಣು. ಕಲ್ಲನ್ನು ಸುತ್ತಿಗೆಯಿಂದ ಹೊಡೆದು ಚೂರು ಮಾಡಿದ್ದರು, ಒಳಗೇ ಏನಾದರೂ ಇದ್ದೀತೆಂದು. ದೊಡ್ಡವು ನಾಲ್ಕೈದು ತುಂಡು ಉಳಿದಿದ್ದವು, ಮಿಕ್ಕದ್ದು ಜಲ್ಲಿ. ಇವರು ಗುಂಡಿಗೆ ಇಳಿದು ಅಕ್ಷರವಿದ್ದ ಚೂರುಗಳನ್ನು ಆರಿಸಿ ಅಂಗವಸ್ತ್ರದಲ್ಲಿ ಹಾಕಿಕೊಳ್ಳತೊಡಗಿದರು. ರೇಣವ್ವ ಮೇಲೆ ನಿಂತು ನೋಡುತ್ತಿದ್ದಳು.

“ನೀ ಬರೂತನಕಾ ಅದು ಕಲ್ಲಾಗಿ ಇತ್ತೋ ಯಣ್ಣಾ” ಎಂದಳು ಕಡೆಗೆ. “ನೀ ಬಂದ ಹ್ವಾದ ಮ್ಯಾಲ ಅದು ರೊಕ್ಕ ಆತು.”

ಆಕೆ ಸಿಟ್ಟಿನಿಂದ ಹೇಳಿರಲಿಲ್ಲ. ಹಾಗೆ ಹೇಳಿದ್ದರೆ ಹಗುರಾಗುತ್ತಿತ್ತೇನೋ ಎಂದು ಬಂದಗಿಸಾಬರಿಗೆ ಇವತ್ತಿಗೂ ಅನ್ನಿಸುತ್ತದೆ. ಮನೆಗೆ ಬಂದವರು ಬ್ರಶ್ಶು, ತಾಟು ಎಲ್ಲ ಒಂದು ಚೀಲದಲ್ಲಿ ಕಟ್ಟಿ ಅಟ್ಟಕ್ಕೆ ಹಾಕಿದರು. ಆ ಚಳಿಗಾಲವೆಲ್ಲ ಒಂದು ಕಲ್ಲಿಗೂ ಹೋಗಲಿಲ್ಲ. ಮುಕ್ತಾ ಅವರು ಫೋನು ಮಾಡಿದರೆ ಗಾದಿಯ ಕೆಲಸ ಬಹಳ ಇದೆ ಎನ್ನುತ್ತಿದ್ದರು. ಇರಲಿಲ್ಲ. ಇಮಾಮಬಿ ಮೊದಮೊದಲು, ಹೋಗಲಿ, ಈ ವಯಸ್ಸಿನಲ್ಲಿ ಊರೂರು ತಿರುಗುವುದು ತಪ್ಪಿತು ಎಂದುಕೊಂಡರು. ಆದರೆ ಗಂಡ ಅಂಗಡಿಯಲ್ಲಿ ಕೂತು ಹಿಂಜಿದ ಹತ್ತಿಯನ್ನೇ ಮತ್ತೆ ಹಿಂಜುವುದನ್ನು ನೋಡಿ ಅವರಿಗೆ ತಡೆಯಲಾಗಲಿಲ್ಲ. ಒಂದು ದಿನ ಗಂಡನಿಗೆ ಹೇಳದೆ ಸಿಂದಗಿಯ ಬಸ್ಸು ಹತ್ತಿ ಮುಕ್ತಾ ಅವರ ಮನೆಗೇ ಹೋದರು.

ಮುಕ್ತಾ ಅವರು ಅಷ್ಟರಲ್ಲಿ ರೇಣವ್ವನ ಹೊಲದ ಶಾಸನವನ್ನು ಓದಿ ಮುಗಿಸಿದ್ದರು. ಅದರಲ್ಲಿ ಬಂಗಾರದ ಮಾತೇ ಇರಲಿಲ್ಲ. ದಾರಿಹೋಕರಿಗೆ ನೀರು ಕೊಡುವ ಅರವಟಿಗೆಯೊಂದು ಸದಾ ನಡೆಯಲಿ ಎಂದು ಮಾಕಬ್ಬೆ ಎಂಬ ಹೆಣ್ಣುಮಗಳು ತನ್ನ ಹೊಲವನ್ನು ಬಿಟ್ಟುಕೊಟ್ಟ ಸಂಗತಿ ಅದು. ಲೇಖನ ಬರೆದು ಪತ್ರಿಕೆಗೆ ಕಳಿಸುವ ಸಿದ್ಧತೆಯಲ್ಲಿದ್ದರು. ಇಮಾಮಬಿ ಕೇಳಿದ್ದು ಒಂದೇ ಮಾತು: ಇದನ್ನು ಆ ಊರಿನವರಿಗೆ ಯಾರು ಹೇಳಿದ್ದಾರೆ? ಮುಕ್ತಾ ಅವರು ಲೇಖನವನ್ನು ಪಕ್ಕಕ್ಕಿಟ್ಟರು. ಅಪ್ಪನ ಕಾಲದಿಂದಲೂ ತಾವು ಊರಿಗೆ ಹೋಗಿ ಕಾಗದವನ್ನು ಹೊತ್ತು ತಂದದ್ದುಂಟು, ಓದಿದ್ದನ್ನು ಹೊತ್ತು ಊರಿಗೆ ಹೋದದ್ದಿಲ್ಲ ಎಂಬುದು ಆ ಹೊತ್ತಿಗೆ ಅವರಿಗೆ ಹೊಳೆಯಿತು.

ಮುಂದಿನ ಸೋಮವಾರ ಮುಕ್ತಾ, ಬಂದಗಿಸಾಬ ಇಬ್ಬರೂ ಆ ಹಳ್ಳಿಗೆ ಹೋದರು. ಬಂದಗಿಸಾಬರಿಗೆ ಹೋಗಲು ಮನಸ್ಸಿರಲಿಲ್ಲ, ಆದರೆ ಕಾಗದವನ್ನು ಬಿಚ್ಚಿ ಸುತ್ತುವುದನ್ನು ಇನ್ನೊಬ್ಬರಿಗೆ ಬಿಡಲು ಅಷ್ಟೂ ಮನಸ್ಸಿರಲಿಲ್ಲ. ಹನುಮಂತ ದೇವರ ಗುಡಿಯ ಮುಂದೆ ಎರಡು ಬೇವಿನ ಮರದ ನಡುವೆ ಹಗ್ಗ ಕಟ್ಟಿ ಅದನ್ನು ತೂಗುಹಾಕಿದರು. ಕಪ್ಪು ಹಾಳೆಯ ಮೇಲೆ ಬಿಳಿಯ ಸಾಲುಗಳು, ಒಗೆದು ಒಣಹಾಕಿದ ಚಂದ್ರಕಾಳಿ ಸೀರೆಯ ಹಾಗೆ. ಮೊದಲು ಸಾಲಿ ಕಲಿಯುವ ಮಕ್ಕಳು ಬಂದರು, ಆಮೇಲೆ ಹೆಂಗಸರು, ಆಮೇಲೆ ಚಹಾದಂಗಡಿಯಲ್ಲಿ ಕೂತಿದ್ದ ಗಂಡಸರು. ಮುಕ್ತಾ ಅವರು ಒಂದೊಂದು ಸಾಲಿನ ಮೇಲೆ ಬೆರಳಿಟ್ಟು ಓದಿ, ಅದನ್ನೇ ಈಗಿನ ಮಾತಿನಲ್ಲಿ ಹೇಳುತ್ತ ಹೋದರು. ಗುಂಡಿ ತೋಡಿದವರು ಆ ಗುಂಪಿನಲ್ಲಿ ಇದ್ದಿರಬಹುದು. ಅವರು ಯಾರೆಂದು ಯಾರೂ ವಿಚಾರಿಸಲಿಲ್ಲ. ಮುದುಕರೊಬ್ಬರು ಮಾತ್ರ, ಬಂಗಾರದ ಸುದ್ದಿ ಎಲ್ಲೂ ಇಲ್ಲವೇ ಎಂದು ಎರಡು ಸಲ ಕೇಳಿ, ಇಲ್ಲವೆಂದು ಖಾತ್ರಿಯಾದ ಮೇಲೆ ಎದ್ದು ಹೋದರು.

ರೇಣವ್ವ ಕಡೆಯ ತನಕ ನಿಂತಿದ್ದಳು. ಆ ಹೆಣ್ಣುಮಗಳ ಹೆಸರು ಇನ್ನೊಮ್ಮೆ ಹೇಳಿ ಎಂದು ಕೇಳಿದಳು. ಮಾಕಬ್ಬೆ ಎಂದರು ಮುಕ್ತಾ. ಹೆಸರು ಎಲ್ಲಿದೆ ತೋರಿಸಿ ಎಂದಳು. ಬಂದಗಿಸಾಬರು ಕಾಗದದ ತುದಿ ಹಿಡಿದು ನಿಂತರು, ಆಕೆ ಆ ಮೂರು ಅಕ್ಷರಗಳ ಹತ್ತಿರ ಮುಖ ತಂದು ನೋಡಿದಳು. ಆ ಬೇಸಿಗೆಯಲ್ಲಿ ಗೌಂಡಿಯನ್ನು ಕರೆಸಿ, ಉಳಿದಿದ್ದ ತುಂಡುಗಳನ್ನು ಬಾವಿಯ ಕಟ್ಟೆಗೆ ಸೇರಿಸಿ ಸಿಮೆಂಟು ಹಾಕಿಸಿದ್ದಾಳೆ. ಅದರ ಪಕ್ಕ ಒಂದು ಮಣ್ಣಿನ ಹರವಿ ತುಂಬ ನೀರು ಇರುತ್ತದೆ. ಶಾಸನ ಕೇಳಿದ ಮೇಲೆ ಇಟ್ಟದ್ದೇ ಎಂದು ಯಾರಾದರೂ ಕೇಳಿದರೆ ರೇಣವ್ವನಿಗೆ ಸರಿಬರುವುದಿಲ್ಲ.

“ನೀರ ನಾ ಮೊದಲಿಂದ ಇಡತಿದ್ನಿ. ನಮ್ಮತ್ತಿನೂ ಇಡತಿದ್ಲು. ಈಗ ಆಕಿ ಹೆಸರ ಗೊತ್ತಾಗೇತಿ, ಅಷ್ಟ” ಎನ್ನುತ್ತಾಳೆ.

ಬಂದಗಿಸಾಬರು ಮತ್ತೆ ಚೀಲ ಇಳಿಸಿದರು. ಆದರೆ ಒಂದು ಕರಾರು ಹಾಕಿಕೊಂಡರು. ಯಾವ ಊರಿನ ಕಲ್ಲಿನ ಅಚ್ಚು ತೆಗೆದರೂ ಅದನ್ನು ಆ ಊರಿನಲ್ಲಿ ಓದಿ ಹೇಳಬೇಕು. ಓದಿ ಹೇಳುವ ದಿನ ಗೊತ್ತುಪಡಿಸದೆ ಕಲ್ಲಿಗೆ ನೀರು ಚಿಮುಕಿಸುವುದಿಲ್ಲ. ಇದರಿಂದ ಕೆಲಸ ಅರ್ಧಕ್ಕೆ ಇಳಿದಿದೆ. ಒಂದು ಕಲ್ಲಿಗೆ ಎರಡೆರಡು ಸಲ ಹೋಗಬೇಕು, ಬಸ್ಸಿನ ಖರ್ಚು, ಮುಕ್ತಾ ಅವರಿಗೆ ಬಿಡುವು, ಎಲ್ಲ ಕೂಡಿಬರಬೇಕು. ಇರುವಷ್ಟು ದಿನದಲ್ಲಿ ಆದಷ್ಟು ಅಚ್ಚು ತೆಗೆದಿಡಿ, ಓದುವುದು ಆಮೇಲಾದೀತು, ಕಲ್ಲುಗಳು ಕಾಯುವುದಿಲ್ಲ ಎಂದು ತಿಳಿದವರು ಹೇಳುತ್ತಾರೆ. ಅವರ ಮಾತಿನಲ್ಲೂ ಸತ್ಯವಿದೆ ಎಂದು ಬಂದಗಿಸಾಬರು ಒಪ್ಪುತ್ತಾರೆ. ಕಳೆದ ವರ್ಷ ಬಸವನ ಬಾಗೇವಾಡಿ ತಾಲೂಕಿನ ಒಂದು ಊರಿನಲ್ಲಿ ದಿನ ನಿಗದಿಯಾಗುವುದು ತಡವಾಗಿ, ಅಷ್ಟರಲ್ಲಿ ರಸ್ತೆ ಅಗಲ ಮಾಡುವವರು ಕಲ್ಲನ್ನು ಎತ್ತಿಕೊಂಡು ಹೋಗಿದ್ದರು. ಎಲ್ಲಿಗೆ ಎಂಬುದು ಇನ್ನೂ ತಿಳಿದಿಲ್ಲ. ಅದರ ಪೈಪು ಖಾಲಿಯೇ ಇದೆ, ಹೆಸರು ಮಾತ್ರ ಬರೆದಿದೆ.

“ಅವತ್ತ ಊಟಾ ಸೇರಲಿಲ್ರಿ” ಎನ್ನುತ್ತಾರೆ. “ಆದ್ರೂ ಕಾಗದ ಒಯ್ದು ಮನ್ಯಾಗ ಇಟಗೊಂಡು, ಅಲ್ಲಿ ಕಲ್ಲ ಒಡಸೂದು ಬ್ಯಾಡ. ಒಂದ ಸಲ ಸಾಕು.”

ಓದಿ ಹೇಳಿದ ಎಲ್ಲ ಊರುಗಳಲ್ಲೂ ಜನ ಸೇರುತ್ತಾರೆ ಎಂದಲ್ಲ. ಒಂದೂರಿನಲ್ಲಿ ಕೇಳಲು ಬಂದದ್ದು ಇಬ್ಬರೇ, ಅವರಲ್ಲೊಬ್ಬರು ಬಸ್ಸಿಗೆ ಕಾಯುತ್ತಿದ್ದವರು. ಇನ್ನೊಂದೂರಿನಲ್ಲಿ ಎಲ್ಲರೂ ಕೂತು ಕೇಳಿ, ಸಕ್ಕರೆ ಹಂಚಿ, ಮೂರು ತಿಂಗಳಿಗೆ ಅದೇ ಕಲ್ಲಿನ ಮೇಲೆ ಟೈಲ್ಸು ಕೂರಿಸಿದರು. ಮತ್ತೊಂದರಲ್ಲಿ ತಿಪ್ಪೆಯಲ್ಲಿದ್ದ ವೀರಗಲ್ಲನ್ನು ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆದು ಸಾಲಿಯ ಅಂಗಳಕ್ಕೆ ತಂದು ನಿಲ್ಲಿಸಿದರು. ಇದೆಲ್ಲವನ್ನೂ ಬಂದಗಿಸಾಬರು ಒಂದೇ ದನಿಯಲ್ಲಿ ಹೇಳುತ್ತಾರೆ.

ಅಗರಖೇಡದ ಹೊಲದಲ್ಲಿ ಈಗ ಬಿಸಿಲು ಏರಿದೆ. ಕಾಗದ ಕಲ್ಲನ್ನು ಬಿಟ್ಟು ಬಂದಿದೆ. ಹೊಲದ ಒಡೆಯ ಕಾಂತು ಅದರ ಒಂದು ತುದಿ ಹಿಡಿದು ನಿಂತಿದ್ದಾನೆ. ಮುಕ್ತಾ ಅವರು ಮೊದಲ ಸಾಲುಗಳನ್ನು ತೊದಲುತ್ತ ಓದುತ್ತಾರೆ, ನಡುವೆ ಸವೆದ ಜಾಗ ಬಂದಾಗ ನಿಲ್ಲುತ್ತಾರೆ, ಮತ್ತೆ ಹಿಂದಕ್ಕೆ ಹೋಗುತ್ತಾರೆ. ಪೂರ್ತಿ ಓದಲು ವಾರ ಬೇಕು. ಬರುವ ರವಿವಾರ ಊರಿನಲ್ಲಿ ಓದುವುದೆಂದು ನಿಗದಿಯಾಗಿದೆ. ಅಷ್ಟು ದಿನ ಯಾರಾದರೂ ಬಂದು ಕೇಳಿದರೆ ಏನು ಹೇಳಲಿ ಎಂದು ಕಾಂತು ಕೇಳುತ್ತಾನೆ. ರವಿವಾರ ಎಲ್ಲರನ್ನೂ ಕರೆದುಕೊಂಡು ಬಾ ಎಂದು ಹೇಳು ಎನ್ನುತ್ತಾರೆ ಬಂದಗಿಸಾಬರು. ಬದುವಿನ ಮೇಲೆ ಕೂತು ಇಮಾಮಬಿ ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಹಿಂಡಿಯ ಗಂಟು ಬಿಚ್ಚುತ್ತಾರೆ.

ಅರವತ್ತೆರಡು ದಾಟಿದ ಮೊಣಕಾಲು ಈಗ ಬೇಗ ಮಡಚುವುದಿಲ್ಲ. ಏನಾದರೂ ಆಸೆ ಉಳಿದಿದೆಯೇ ಎಂದರೆ ಅವರು ಮನೆಯ ಮಾತಾಗಲಿ, ಮಾನ ಸನ್ಮಾನದ ಮಾತಾಗಲಿ ಎತ್ತುವುದಿಲ್ಲ. ಮುದ್ದೇಬಿಹಾಳದ ಕಡೆ ಕೃಷ್ಣೆಯ ಹಿನ್ನೀರಿನಲ್ಲಿ ಮುಳುಗಿದ ಹಳೆಯ ಊರೊಂದರ ಕಲ್ಲಿನ ಸುದ್ದಿ ಹೇಳುತ್ತಾರೆ. ಮೀನುಗಾರರು ನೋಡಿದ್ದಾರಂತೆ, ನೀರು ತೀರ ಇಳಿದ ವರ್ಷ ತುದಿ ಕಾಣುತ್ತದಂತೆ, ಮೈತುಂಬ ಅಕ್ಷರವಂತೆ. ಎರಡು ಬೇಸಿಗೆ ಹೋಗಿ ದಂಡೆಯ ಮೇಲೆ ಕೂತು ವಾಪಸು ಬಂದಿದ್ದಾರೆ. ಓದಿ ಹೇಳಿದರೆ ಕೇಳಲು ಆ ಊರೇ ಈಗ ಇಲ್ಲ. ಆದರೂ ಅಲ್ಲಿಂದ ಎದ್ದು ಬಂದವರು ಎಲ್ಲೆಲ್ಲಿ ಮನೆ ಕಟ್ಟಿಕೊಂಡಿದ್ದಾರೆ ಎಂಬುದನ್ನು ಮುಕ್ತಾ ಅವರು ಆಗಲೇ ವಿಚಾರಿಸಿ ಇಟ್ಟಿದ್ದಾರೆ.

“ಈ ವರ್ಷ ನೀರ ಇಳದ್ರ ಹೋಗಾಂವ್ರಿ. ಕೆಸರಾಗ ಕುಂತು ಬಡೀಬೇಕಾಗತೈತಿ, ಬಡೀತೇನಿ” ಎನ್ನುತ್ತಾರೆ ಬಂದಗಿಸಾಬರು, ರೊಟ್ಟಿ ಮುರಿಯುತ್ತ. “ಅದರಾಗ ಏನ ಬರದಾರ ಅನ್ನೂದು ನನಗ ಗೊತ್ತಾಗಬೇಕು ಅಂತೇನಿಲ್ಲ. ಕಾಗದಕ್ಕ ಇಳದ್ರ ಸಾಕು. ಓದಾವ್ರು ಬರ್ತಾರ.”